ಮಾತಿನ ಉತ್ಪತ್ತಿ ವಿಚಾರ



ನೆಲಮಂಗಲ ಸೀಮೆಯ ಶಿವಗಂಗೆಯ ಬೆಟ್ಟವನ್ನು ಹತ್ತಿದವರೆಲ್ಲರೂ ಅಲ್ಲಿಯ ಕಪಿಗಳನ್ನು ಬಲ್ಲರು. ಭಕ್ತರ ಕೈಯಲ್ಲಿರುವ ಬಾಳೆಯ ಹಣ್ಣಿಗೂ ತೆಂಗಿನ ಹೋಳಿಗೂ ಅವು ಹೊಂಚುಹಾಕಿ ಕುಳಿತಿರುವುವು. ಬಿಸಿಲೇರಿದ ಮೇಲೆ ಬಂಡೆಯ ನೆರಳಿನಲ್ಲಿ ಒಂದು ಕಪಿಯು ಇನ್ನೊಂದರ ಮೈಗೂದಲನ್ನು ಬಿಡಿಸಿ ಹೇನನ್ನು ಹೆಕ್ಕುತ್ತಿರುವುದು. ನಾಯಿಯೊಂದು ಹತ್ತಿರ ಬಂದರೆ ಒಂದು ಕಪಿ ಕಿರಿಚುವುದು, ಮಿಕ್ಕವು ಮರವನ್ನೇರುವುವು. ಅದೇ ನೆರಳಿನಲ್ಲಿ ಅಜ್ಜಿಯೊಬ್ಬಳು ದಣಿವಾರಿಸಿಕೊಳ್ಳುತ್ತ ಮೊಮ್ಮಗನಿಗೆ ಒಳಕಲ್ಲು ತೀರ್ಥದ ಮಹಿಮೆಯನ್ನು ಹೇಳುತ್ತಿರುವಳು. ನಿನ್ನೆ ಆದುದನ್ನೂ ನಾಳೆ ಆಗತಕ್ಕುದನ್ನೂ, ಕಣ್ಣಿಗೆ ಕಾಣದ ದೇವರನ್ನೂ, ತೀರಿಹೋದ ಮುತ್ತಜ್ಜನನ್ನೂ ಆಕೆ ಮಾತಿನಿಂದಲೇ ಮಗುವಿನ ಮುಂದೆ ತಂದು ನಿಲ್ಲಿಸುವಳು. ಕಪಿಗೂ ಅಜ್ಜಿಗೂ ನಡುವೆ ಇರುವ ಅಂತರವು ನಾಲ್ಕು ಮಾರು ಮಾತ್ರವೇ. ಆದರೆ ಆ ಕಿರಿಚಿಗೂ ಈ ಕಥೆಗೂ ನಡುವಿನ ದಾರಿ ಎಷ್ಟು ದೂರದ್ದು? ಆ ದಾರಿಯನ್ನು ಮಾನವನು ಎಂದು, ಹೇಗೆ ನಡೆದುಬಂದನು? ಇದೇ ಇಂದಿನ ವಿಷಯವು.

ಇದು ಪಂಡಿತರು ಹೊತ್ತು ಕಳೆಯುವುದಕ್ಕಾಗಿ ಎತ್ತಿದ ತರ್ಕವೆಂದು ಮೊದಲು ತೋರಬಹುದು. ವಿಚಾರಿಸಿ ನೋಡಿದರೆ ಹಾಗಲ್ಲ. ಮಾತು ಒಂದೇ ದೇವಭಾಷೆಯಾಗಿ ಮೇಲಿನಿಂದ ಇಳಿದುಬಂದಿತೆಂದು ಒಪ್ಪಿದರೆ, ಮಿಕ್ಕ ನುಡಿಗಳೆಲ್ಲವೂ ಅದರ ಕೆಟ್ಟುಹೋದ ರೂಪಗಳೆನ್ನಿಸಿಕೊಂಡು, ಅವುಗಳನ್ನಾಡುವವರು ಕೀಳಾಗುವರು. ಮಾತೆಂಬುದು ಬಾಯಿ ಕಿವಿಗಳ ಧರ್ಮವಷ್ಟೇ ಎಂದು ಒಪ್ಪಿದರೆ, ಕಿವಿ ಕೇಳದೆ ಹುಟ್ಟಿದ ಕೂಸು ಮನುಷ್ಯತ್ವದ ಹೊಸ್ತಿಲಿನ ಹೊರಗೇ ನಿಲ್ಲಬೇಕಾಗುವುದು. ಹೀಗೆ ಉತ್ಪತ್ತಿಯ ವಿಷಯದಲ್ಲಿ ತಾಳಿದ ಅಭಿಪ್ರಾಯವು ನಡತೆಯಲ್ಲಿ ಫಲಿಸುವುದರಿಂದ, ಹಿಂದಿನವರೂ ಈಚಿನವರೂ ಏನೇನು ಹೇಳಿರುವರೆಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತವು.

ಭರತಖಂಡದ ಶಾಸ್ತ್ರಕಾರರು ಈ ವಿಷಯವನ್ನು ಬಹು ಹಿಂದೆಯೇ ಕೈಗೆತ್ತಿಕೊಂಡರು. ಜೈಮಿನಿಯ ಸೂತ್ರಗಳನ್ನು ಅನುಸರಿಸುವ ಮೀಮಾಂಸಕರು ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಯಾರೂ ಮಾಡಿದುದಲ್ಲ, ನಿತ್ಯವಾದುದು ಎಂದರು. ಮಾಡಿದವನಿಲ್ಲದ ಮೇಲೆ ಮೊದಲೂ ಇಲ್ಲವಷ್ಟೆ. ಆದುದರಿಂದ ಅವರ ಮತದಲ್ಲಿ ಮಾತಿನ ಹುಟ್ಟೆಂಬ ಪ್ರಶ್ನೆಯೇ ಏಳದು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಇಂಥ ಶಬ್ದದಿಂದ ಇಂಥ ಅರ್ಥವನ್ನು ತಿಳಿಯತಕ್ಕದ್ದೆಂಬುದು ಒಂದು ಸಂಕೇತ, ಅಂದರೆ ಕಟ್ಟಳೆ. ಆ ಕಟ್ಟಳೆಗೆ ಮೂಲವು ಈಶ್ವರೇಚ್ಛೆ ಎಂಬುದು ಅವರ ವಾದ. ಪರಶಿವನ ಡಮರುವಿನ ನಾದದಿಂದ ಹದಿನಾಲ್ಕು ಸೂತ್ರಗಳು ಹೊರಟವೆಂದೂ, ಪಾಣಿನಿಯು ಅವುಗಳ ಮೇಲೆ ತನ್ನ ವ್ಯಾಕರಣವನ್ನು ಕಟ್ಟಿದನೆಂದೂ ಹೇಳುವ ಪರಂಪರೆಯು ಎಲ್ಲರಿಗೂ ತಿಳಿದುದೇ. ಅದು ವರ್ಣಗಳ ಕ್ರಮಕ್ಕೆ ದೈವಿಕವಾದ ಮೂಲವನ್ನು ಹೇಳುವುದೇ ಹೊರತು, ಮೊದಲ ಮನುಷ್ಯನು ಮೊದಲ ಮಾತನ್ನು ಆಡಿದ ಸಂದರ್ಭವನ್ನು ಹೇಳುವುದಲ್ಲ.

ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ಒಂದು ಸೊಗಸಾದ ದೃಷ್ಟಾಂತವನ್ನು ಕೊಟ್ಟಿರುವನು. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಮಾಡಿಸಿಕೊಂಡು ಬರುವನು. ಮಾತು ಬೇಕಾದವನಾದರೋ ವೈಯಾಕರಣನ ಮನೆಯ ಬಾಗಿಲನ್ನು ತಟ್ಟುವುದಿಲ್ಲ. ಅರ್ಥವು ಮನಸ್ಸಿಗೆ ಹೊಳೆದೊಡನೆ ಶಬ್ದವನ್ನು ಬಳಸಿಬಿಡುವನು. ಮಾತಿಗೆ ಪ್ರತ್ಯೇಕವಾದ ಕಸಬುದಾರನಿಲ್ಲ. ಆಡುವವರೆಲ್ಲರೂ ಅದರ ಕಸಬುದಾರರೇ ಎಂಬ ತತ್ತ್ವವು ಇದರಲ್ಲಿ ಅಡಗಿರುವುದು. ಋಗ್ವೇದದ ಹತ್ತನೆಯ ಮಂಡಲದ ೭೧ನೆಯ ಸೂಕ್ತವೂ ಮಾತಿನ ಮೊದಲನ್ನು ಗೆಳೆಯರ ಕೂಟದೊಡನೆ ಸೇರಿಸಿ ನೋಡಿರುವುದು. ಕನ್ನಡದ ವೈಯಾಕರಣನಾದ ಕೇಶಿರಾಜನು ೧೩ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ, ನಾಭಿಯಿಂದ ಉಸಿರೆದ್ದು ಕಹಳೆಯ ರೀತಿಯಲ್ಲಿ ದನಿ ಹೊಮ್ಮುವ ಬಗೆಯನ್ನು ವರ್ಣಿಸಿರುವನು. ಅಲ್ಲಿ ಅವನು ಉಸಿರಿನ ಜತೆಗೆ ಜೀವದ ಇಷ್ಟವನ್ನೂ ಕಾರಣವಾಗಿ ಎಣಿಸಿರುವುದು ಲಕ್ಷ್ಯದಲ್ಲಿಡತಕ್ಕ ಸಂಗತಿ. ಹೇಳಬೇಕೆಂಬ ಬಯಕೆಯಿಲ್ಲದೆ ಉಸಿರು ಗಾಳಿಯಾಗಿ ಹೋಗುವುದೇ ಹೊರತು ಮಾತಾಗದು.

ಶಾಸ್ತ್ರಕಾರರು ತರ್ಕದಿಂದ ವಿಚಾರಿಸಿದುದನ್ನು ಕೆಲವು ರಾಜರು ಪ್ರಯೋಗದಿಂದ ಪರೀಕ್ಷಿಸಲು ಹೊರಟರು. ಕ್ರಿಸ್ತಪೂರ್ವ ೭ನೆಯ ಶತಮಾನದಲ್ಲಿ ಆಳಿದ ಸಾಮೆಟಿಕಸನೆಂಬ ಐಗುಪ್ತದ ಅರಸನ ಕಥೆಯನ್ನು ಗ್ರೀಕರ ಹೆರೊಡೊಟಸನು ಬರೆದಿಟ್ಟಿರುವನು. ಅರಸನು ಎರಡು ಎಳೆಗೂಸುಗಳನ್ನು ಕುರುಬನೊಬ್ಬನ ವಶಕ್ಕೆ ಕೊಟ್ಟು, ಅವುಗಳ ಮುಂದೆ ಯಾರೂ ಒಂದು ಮಾತನ್ನೂ ಆಡಕೂಡದೆಂದು ಕಟ್ಟುಮಾಡಿದನಂತೆ. ಎರಡು ವರ್ಷಗಳಾದ ಮೇಲೆ ಕೂಸುಗಳು ಕೈಚಾಚಿ ‘ಬೆಕೊಸ್’ ಎಂದುವು. ಫ್ರಿಜಿಯದವರ ಭಾಷೆಯಲ್ಲಿ ಅದಕ್ಕೆ ರೊಟ್ಟಿಯೆಂದು ಅರ್ಥವಾದುದರಿಂದ, ಆ ಭಾಷೆಯೇ ಲೋಕದಲ್ಲಿ ಹಳೆಯದೆಂದು ತೀರ್ಮಾನವಾಯಿತು. ಆ ಕೂಸುಗಳಿಗೆ ಹಾಲುಣಿಸುತ್ತಿದ್ದುದು ಆಡುಗಳು. ಆಡು ಕೂಗುವ ದನಿಯನ್ನು ಬಲ್ಲ ಈ ಸೀಮೆಯ ಯಾವ ಕುರಿಗಾಹಿಯೂ ಆ ತೀರ್ಮಾನವನ್ನು ಕೇಳಿ ನಗದೆ ಇರನು.

ಎರಡನೆಯ ಪ್ರಯೋಗವು ಈ ದೇಶದಲ್ಲಿಯೇ ನಡೆಯಿತು. ಸುಮಾರು ೧೫೭೮ರಲ್ಲಿ ಅಕ್ಬರ್ ಬಾದಷಹನು ಜನವಸತಿಯಿಂದ ದೂರವಾಗಿ ಒಂದು ಮನೆಯನ್ನು ಕಟ್ಟಿಸಿ, ಎಳೆಯ ಶಿಶುಗಳನ್ನು ಅಲ್ಲಿ ಇರಿಸಿದನು. ಅವರನ್ನು ಸಾಕುವ ದಾದಿಯರು ಬಾಯಿ ತೆರೆದು ಮಾತನಾಡಕೂಡದೆಂದು ಅಪ್ಪಣೆಯಾಯಿತು. ಜನರು ಆ ಮನೆಯನ್ನು ಗುಂಗ್ ಮಹಲ್, ಅಂದರೆ ಮೂಗರ ಅರಮನೆ, ಎಂದು ಕರೆದರು. ೧೫೮೨ರಲ್ಲಿ ಬಾದಷಹನು ತಾನೇ ಅಲ್ಲಿಗೆ ಹೋಗಿ ನೋಡಿದನು. ನಾಲ್ಕು ವರ್ಷ ಬೆಳೆದಿದ್ದ ಆ ಮಕ್ಕಳಿಂದ ಮೂಗರ ದನಿಯ ಹೊರತು ಬೇರೊಂದು ಮಾತು ಹೊರಡಲಿಲ್ಲವೆಂದು ಅಬುಲ್ ಫಜಲನು ಅಕ್ಬರನಾಮೆಯಲ್ಲಿ ದಾಖಲಿಸಿರುವನು. ಶಿಶುಗಳಲ್ಲಿ ಹಲವು ಸತ್ತುಹೋದುವೆಂದು ಬದಾಯೂನಿಯು ಬರೆದಿರುವನು. ಅರಬ್ಬಿಯಾಗಲಿ ಪಾರಸಿಯಾಗಲಿ ಸಂಸ್ಕೃತವಾಗಲಿ ತಾನಾಗಿಯೇ ಆ ನಾಲಗೆಗಳ ಮೇಲೆ ಬರಲಿಲ್ಲ. ಕೂಸಿನ ಹೊಟ್ಟೆಯೊಳಗೆ ಯಾವ ಸಿದ್ಧವಾದ ಭಾಷೆಯೂ ಇಲ್ಲವೆಂಬುದು ಇದರಿಂದ ತಿಳಿಯಿತು. ಆದರೆ ಇದನ್ನು ತಿಳಿಯುವುದಕ್ಕಾಗಿ ತೆತ್ತ ಬೆಲೆಯು ಘೋರವಾದುದು. ಈ ಮೂಗರ ಅರಮನೆಯನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದರ ಬಳಿಗೆ ಮರಳಿ ಬರಬೇಕಾಗುವುದು.

ಇನ್ನು ಪಾಶ್ಚಾತ್ಯ ಪಂಡಿತರ ಊಹೆಗಳು. ಜರ್ಮನಿಯ ಹೆರ್ಡರನು ೧೭೭೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಾತು ದೇವರು ಕಲಿಸಿಕೊಟ್ಟ ಪಾಠವಲ್ಲ, ಮನುಷ್ಯನ ಸ್ವಭಾವದಿಂದಲೇ ಮೂಡಿದುದೆಂದು ವಾದಿಸಿದನು. ಋಗ್ವೇದವನ್ನು ಅಚ್ಚುಹಾಕಿಸಿ ಮೋಕ್ಷಮೂಲರನೆಂದು ಹೆಸರುಗೊಂಡ ಮ್ಯಾಕ್ಸ್ ಮುಲ್ಲರನು ೧೮೬೧ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಇಂಥ ಊಹೆಗಳಿಗೆ ಪರಿಹಾಸ್ಯದ ಹೆಸರುಗಳನ್ನಿಟ್ಟನು. ಮೊದಲನೆಯದು ‘ಬೌ ಬೌ’ ವಾದ. ಮನುಷ್ಯನು ಪ್ರಾಣಿಗಳ ಮತ್ತು ವಸ್ತುಗಳ ದನಿಯನ್ನು ಅನುಕರಿಸಿ ಹೆಸರಿಟ್ಟನೆಂಬುದು ಅದರ ಸಾರ. ಕನ್ನಡವನ್ನು ನೋಡಿದರೆ ಇದು ಒಪ್ಪತಕ್ಕುದೆಂದೇ ತೋರುವುದು. ಕಾಗೆಯು ತನ್ನ ಹೆಸರನ್ನು ತಾನೇ ಕೂಗುವುದು, ಕೋಗಿಲೆಯೂ ಹಾಗೆಯೇ. ಸರಸರ, ಗಡಗಡ, ಜುಳುಜುಳು, ದಬದಬ ಎಂಬ ಅನುಕರಣ ಶಬ್ದಗಳು ಈ ಭಾಷೆಯಲ್ಲಿ ರಾಶಿಯಾಗಿ ಬಿದ್ದಿರುವುವು. ಆದರೆ ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಹಗಲೂ ಇರುಳೂ ಟಕಟಕವೆನ್ನುವ ಮಗ್ಗಕ್ಕೆ ಟಕಟಕವೆಂಬ ಹೆಸರು ಬರಲಿಲ್ಲ, ಮಗ್ಗವೆಂದೇ ಹೆಸರಾಯಿತು. ಮೇಲಾಗಿ ‘ನಾಳೆ’ ಎಂಬುದು ಯಾವ ದನಿಯ ಅನುಕರಣ? ‘ಆದರೆ’ ಎಂಬುದು ಯಾವ ಹಕ್ಕಿಯ ಕೂಗು?

ಎರಡನೆಯದು ಉದ್ಗಾರವಾದ. ನೋವು, ಬೆರಗು, ಹೇಸಿಕೆಗಳಿಂದ ತಾನಾಗಿ ಹೊರಡುವ ಅಯ್ಯೋ, ಅಬ್ಬಾ, ಛೀ ಮುಂತಾದುವೇ ಮೊದಲ ಮಾತುಗಳೆಂಬುದು ಇದರ ಮತ. ಆದರೆ ಕಾಲಿಗೆ ಮುಳ್ಳು ನೆಟ್ಟಾಗ ಕನ್ನಡಿಗನು ಅಯ್ಯೋ ಎಂದರೆ ಇಂಗ್ಲಿಷಿನವನು ಔಚ್ ಎನ್ನುವನು. ನೋವಿನ ಕೂಗಿಗೂ ತಾಯ್ನುಡಿಯ ಅಚ್ಚು ಬಿದ್ದಿರುವಾಗ, ಕೂಗಿನಿಂದ ನುಡಿ ಹುಟ್ಟಿತೆನ್ನುವುದು ಹೇಗೆ? ಮೂರನೆಯದು ನ್ವಾರೆ ಎಂಬ ಪಂಡಿತನ ಶ್ರಮವಾದ. ಜನರು ಕೂಡಿ ಭಾರವನ್ನೆಳೆಯುವಾಗ ಹೊರಟ ಕೂಗೇ ಮಾತಿನ ಬೀಜವೆಂದು ಆತನ ಅಭಿಪ್ರಾಯ. ಜಾತ್ರೆಯಲ್ಲಿ ತೇರಿನ ಹಗ್ಗವನ್ನು ಹಿಡಿದವರಿಗೆ ಇದರ ಸ್ವಾರಸ್ಯವು ತಿಳಿಯುವುದು. ಒಬ್ಬನು ದನಿಯೆತ್ತಿದರೆ ನೂರು ಜನರು ದನಿಗೂಡಿಸಿ, ಅಲುಗದ ಗಾಲಿಯು ಉರುಳುವುದು. ಬೀಸುವ ಪದ, ಕುಟ್ಟುವ ಪದಗಳೂ ದುಡಿಮೆಯ ಒಡನಾಡಿಗಳೇ. ಈ ವಾದವು ಪದಗಳ ಅರ್ಥವನ್ನು ವಿವರಿಸಲಾರದಾದರೂ, ಮಾತಿನ ಮೊದಲನ್ನು ಒಬ್ಬನ ಬಾಯಿಯಲ್ಲಿ ಹುಡುಕದೆ ಹಲವರ ಕೂಟದಲ್ಲಿ ಹುಡುಕಿತೆಂಬುದು ಇದರ ಹಿರಿಮೆ. ಡಾರ್ವಿನ್ನನು ೧೮೭೧ರಲ್ಲಿ, ಹಕ್ಕಿಗಳು ಜೊತೆಯನ್ನು ಅರಸಿ ಹಾಡುವಂತೆ ಆದಿಮಾನವನೂ ಮಾತಿಗೆ ಮೊದಲು ರಾಗವನ್ನು ಕಂಡುಕೊಂಡಿರಬೇಕೆಂದು ಊಹಿಸಿದನು. ಜೋಗುಳಕ್ಕೆ ಅರ್ಥ ತಿಳಿಯದೆಯೇ ಕಣ್ಣುಮುಚ್ಚುವ ಕೂಸು ಈ ಊಹೆಯ ಪಕ್ಷದ ಸಾಕ್ಷಿ.

ಊಹೆಗಳು ಹೀಗೆ ಹಬ್ಬುತ್ತಿರಲಾಗಿ, ಪ್ಯಾರಿಸ್ ನಗರದ ಭಾಷಾಶಾಸ್ತ್ರ ಸಂಘದವರು ೧೮೬೬ರ ತಮ್ಮ ನಿಬಂಧನೆಗಳಲ್ಲಿ, ಭಾಷೆಯ ಉತ್ಪತ್ತಿಯನ್ನು ಕುರಿತ ಯಾವ ಲೇಖನವನ್ನೂ ಸ್ವೀಕರಿಸಲಾಗದೆಂದು ಕಟ್ಟುಮಾಡಿದರು. ಪ್ರಮಾಣವಿಲ್ಲದ ವಾದಕ್ಕೆ ಕೊನೆಯಿಲ್ಲವೆಂದು ಅವರು ಬೇಸತ್ತಿರಬೇಕು. ವಿದ್ವಾಂಸರ ಲಕ್ಷ್ಯವು ಆಗ ಇನ್ನೊಂದು ದಾರಿಯಲ್ಲಿ ಹರಿಯುತ್ತಿತ್ತು. ಮಾತು ಹೇಗೆ ಹುಟ್ಟಿತೆಂದು ಕೇಳುವ ಬದಲು, ಈಗಿರುವ ಭಾಷೆಗಳಲ್ಲಿ ಯಾವುವು ಒಡಹುಟ್ಟಿದುವು ಎಂದು ಅವರು ಕೇಳತೊಡಗಿದ್ದರು. ಸರ್ ವಿಲಿಯಂ ಜೋನ್ಸನು ೧೭೮೬ರಲ್ಲಿ ಕಲ್ಕತ್ತೆಯಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸಾರಿದನು. ಮದರಾಸಿನ ಎಲ್ಲಿಸನು ೧೮೧೬ರಲ್ಲಿ, ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದುವಲ್ಲ, ಅವು ತಮ್ಮದೇ ಆದ ಬೇರೊಂದು ಕುಲಕ್ಕೆ ಸೇರಿದುವೆಂದು ತೋರಿಸಿಕೊಟ್ಟನು. ೧೮೫೬ರಲ್ಲಿ ಕಾಲ್ಡ್‌ವೆಲ್ಲನು ಆ ದ್ರಾವಿಡ ಕುಲದ ವ್ಯಾಕರಣವನ್ನೇ ವಿಸ್ತಾರವಾಗಿ ಬರೆದನು.

ಹೊಸಕೋಟೆ, ದೇವನಹಳ್ಳಿಗಳ ಸಂತೆಯಲ್ಲಿ ನಿಂತವನಿಗೆ ಇದನ್ನು ತಿಳಿಯಲು ಗ್ರಂಥಗಳು ಬೇಕಿಲ್ಲ. ಕನ್ನಡಿಗನು ಹಾಲೆನ್ನುವನು, ತಮಿಳನು ಪಾಲ್ ಎನ್ನುವನು, ತೆಲುಗನು ಪಾಲು ಎನ್ನುವನು. ಇಲ್ಲಿಯ ಹಳ್ಳಿಯು ಗಡಿ ದಾಟಿದರೆ ಪಲ್ಲಿಯಾಗುವುದು. ಹಳಗನ್ನಡದಲ್ಲಿ ಇವೆರಡೂ ಪಾಲ್, ಪಳ್ಳಿ ಎಂದೇ ಇದ್ದುವು; ಕಾಲಕ್ರಮದಲ್ಲಿ ಕನ್ನಡದ ಪಕಾರವು ಹಕಾರವಾಯಿತು. ಒಡಹುಟ್ಟಿದವರ ಮುಖದಲ್ಲಿ ತಾಯಿಯ ಹೋಲಿಕೆಯು ಉಳಿದಿರುವಂತೆ ಈ ಶಬ್ದಗಳಲ್ಲಿ ಮೂಲದ್ರಾವಿಡದ ಹೋಲಿಕೆಯು ಉಳಿದಿರುವುದು.

ಆದರೆ ಈ ದಾರಿಯು ಎಷ್ಟು ದೂರ ಒಯ್ಯಬಲ್ಲುದು? ಕನ್ನಡದ ಹಲ್ಮಿಡಿ ಶಾಸನವು ಸುಮಾರು ಕ್ರಿ.ಶ. ೪೫೦ರದು. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಲ್ಲುಗಳನ್ನೂ ತಾಮ್ರಪಟಗಳನ್ನೂ ಒಳಗೊಂಡಿರುವುದು. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರಸರ ಮಾನ್ಯಪುರವಾಗಿ ಮೆರೆದುದು ೮ನೆಯ ಶತಮಾನದಲ್ಲಿ. ಶಾಸನವು ಅಲ್ಲಿಗೆ ನಿಲ್ಲುವುದು. ಶಬ್ದಗಳ ತುಲನೆಯಾದರೋ ಇನ್ನೂ ಹಿಂದಕ್ಕೆ ಹೋಗುವುದು: ದ್ರಾವಿಡ ಕುಲದ ಭಾಷೆಗಳು ಕವಲೊಡೆಯತೊಡಗಿ ಸುಮಾರು ೪,೫೦೦ ವರ್ಷಗಳಾದುವೆಂದು ೨೦೧೮ರಲ್ಲಿ ಪ್ರಕಟವಾದ ಒಂದು ಗಣನೆಯು ಹೇಳುವುದು. ಈಗಿನ ಮಾನವಜಾತಿಯ ಎಲುಬುಗಳಾದರೋ ಸುಮಾರು ೩,೦೦,೦೦೦ ವರ್ಷಗಳಷ್ಟು ಹಳೆಯವು ಸಿಕ್ಕಿರುವುವು. ಆ ದೀರ್ಘಕಾಲದ ಮುಂದೆ ೪,೫೦೦ ವರ್ಷಗಳೆಂದರೆ ಬೆಟ್ಟದ ಬುಡದ ಮೊದಲ ಮೆಟ್ಟಿಲಷ್ಟೆ. ಆದುದರಿಂದ ಇಂದು ಯಾವ ಭಾಷೆಯವನೇ ಆಗಲಿ, ತನ್ನದೇ ಆದಿಭಾಷೆಯೆಂದೂ ಮಿಕ್ಕವೆಲ್ಲ ಅದರ ಮಕ್ಕಳೆಂದೂ ಮೀಸೆ ತಿರುವುವುದು ಮೊದಲ ಮೆಟ್ಟಿಲಿನ ಮೇಲೆ ಕುಳಿತು ಶಿಖರವನ್ನು ಹತ್ತಿದೆನೆಂದು ಹೇಳಿಕೊಂಡಂತೆ. ಇಂದು ಬದುಕಿರುವ ಎಲ್ಲ ನುಡಿಗಳ ಹಿಂದೆಯೂ ಅಷ್ಟೇ ಉದ್ದವಾದ ತಲೆಮಾರುಗಳ ಸಾಲು ನಿಂತಿರುವುದು.

೨೦ನೆಯ ಶತಮಾನದ ಉತ್ತರಾರ್ಧದಿಂದ ವಿದ್ವಾಂಸರು ಹೊಸ ಸಾಧನಗಳೊಡನೆ ಹಳೆಯ ಪ್ರಶ್ನೆಗೆ ಹಿಂದಿರುಗಿದರು. ಮೊದಲು ಕಪಿಗಳನ್ನೇ ನೋಡಿದರು. ಆಫ್ರಿಕದ ಕೀನ್ಯ ದೇಶದ ವರ್ವೆಟ್ ಎಂಬ ಜಾತಿಯ ಕಪಿಗಳು ಚಿರತೆಗೆ ಒಂದು, ಹದ್ದಿಗೆ ಒಂದು, ಹಾವಿಗೆ ಒಂದು ಬೇರೆ ಬೇರೆ ಕೂಗನ್ನು ಕೂಗುವುವೆಂದೂ, ಕೂಗನ್ನು ಕೇಳಿದ ಕಪಿಗಳು ಅದಕ್ಕೆ ತಕ್ಕಂತೆ ಮರವನ್ನೇರುವುವು, ಮೇಲಕ್ಕೆ ನೋಡುವುವು, ಇಲ್ಲವೆ ನೆಲವನ್ನು ನೋಡುವುವೆಂದೂ ೧೯೮೦ರಲ್ಲಿ ಸ್ಥಿರಪಡಿಸಿದರು. ಹೆಸರಿಡುವ ಬೀಜವು ಕಪಿಯಲ್ಲಿಯೂ ಇರುವುದೆಂದಾಯಿತು. ಆದರೂ ‘ನಿನ್ನೆ ಇಲ್ಲಿ ಹಾವಿರಲಿಲ್ಲ’ ಎಂದು ಯಾವ ಕಪಿಯೂ ಹೇಳಲಾರದು. ಕೂಗನ್ನು ಬಿಡಿಬಿಡಿಯಾಗಿ ಒಡೆದು, ಬೇರೆಯಾಗಿ ಜೋಡಿಸಿ, ಕಾಣದುದನ್ನು ಹೇಳುವ ಕಲೆಯು ಮನುಷ್ಯನದು. ಕನ್ನಡದ ಸುಮಾರು ಐವತ್ತು ಅಕ್ಷರಗಳಿಂದ ಹೊರಡುವ ಮಾತುಗಳಿಗೆ ಎಣೆಯುಂಟೆ?

ಇಂಗ್ಲೆಂಡಿನ ಡನ್‌ಬಾರ್ ಎಂಬ ವಿದ್ವಾಂಸರು ೧೯೯೬ರ ತಮ್ಮ ಗ್ರಂಥದಲ್ಲಿ, ಕಪಿಗಳು ಒಂದರ ಹೇನನ್ನೊಂದು ಹೆಕ್ಕಿ ಸ್ನೇಹವನ್ನು ಉಳಿಸಿಕೊಳ್ಳುವಂತೆ, ಗುಂಪು ದೊಡ್ಡದಾದ ಮೇಲೆ ಮನುಷ್ಯರು ಹರಟೆಯಿಂದ ಆ ಕೆಲಸವನ್ನು ಮಾಡಿಕೊಂಡರೆಂದು ವಾದಿಸಿದರು. ಕೈಯು ಒಂದು ಸಲಕ್ಕೆ ಒಬ್ಬನ ತಲೆಯನ್ನು ಮಾತ್ರ ಸವರಬಲ್ಲುದು. ಮಾತಾದರೋ ಜಗುಲಿಯ ಮೇಲೆ ಕುಳಿತ ನಾಲ್ವರನ್ನು ಒಮ್ಮೆಗೇ ಸವರುವುದು. ಅಮೆರಿಕದ ಚಾಮ್‌ಸ್ಕಿಯವರು, ಭಾಷೆಯನ್ನು ಕಲಿಯುವ ಒಂದು ವಿಶೇಷ ಶಕ್ತಿಯು ಮಾನವಶಿಶುವಿಗೆ ಹುಟ್ಟಿನಿಂದಲೇ ಬಂದಿರುವುದೆಂದು ಪ್ರತಿಪಾದಿಸಿದರು. ಲಂಡನ್ನಿನ ಒಂದು ಕುಟುಂಬದಲ್ಲಿ ಮೂರು ತಲೆಮಾರುಗಳಿಂದ ಕಂಡುಬಂದ ಮಾತಿನ ತೊಡಕಿಗೆ ಕಾರಣವಾದ ವಂಶಬೀಜವು ೨೦೦೧ರಲ್ಲಿ ಗೊತ್ತಾಯಿತು. ಶಕ್ತಿಯು ಒಡಲಿನಲ್ಲಿರುವುದೆಂಬ ಮಾತಿಗೆ ಇದರಿಂದ ಬಲ ಬಂದಿತು. ಆದರೆ ಶಕ್ತಿಯು ಒಡಲಲ್ಲಿದ್ದರೆ ಮೂಗರ ಅರಮನೆಯ ಮಕ್ಕಳೇಕೆ ಮಾತನಾಡಲಿಲ್ಲ? ಈ ಪ್ರಶ್ನೆಗೆ ಉತ್ತರವು ಅರಮನೆಯಲ್ಲಿ ಸಿಕ್ಕಲಿಲ್ಲ. ಒಂದು ಹಳ್ಳಿಯಲ್ಲಿ ಸಿಕ್ಕಿತು.

ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ ಹೊರಟರೆ ಗೌರಿಬಿದನೂರಿನ ಸೀಮೆಯು ಬರುವುದು. ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಆ ತಾಲ್ಲೂಕಿನಲ್ಲಿ ಅಲೀಪುರವೆಂಬ ಊರಿರುವುದು. ಅಲ್ಲಿ ಷಿಯಾ ಪಂಗಡದ ಮುಸಲ್ಮಾನರು ಬಹುಸಂಖ್ಯೆಯಲ್ಲಿರುವರು. ತಮ್ಮೊಳಗೇ ಕೊಟ್ಟು ತಂದುಕೊಳ್ಳುವ ಸಂಬಂಧಗಳಿಂದ ಆ ಊರಿನ ಮನೆತನಗಳಲ್ಲಿ ಹುಟ್ಟುಕಿವುಡು ಹೆಚ್ಚಾಗಿ ಕಾಣಿಸಿಕೊಂಡಿತು. ಕಿವಿ ಕೇಳದವರು ಅಲ್ಲಿ ನೂರಕ್ಕೂ ಮೇಲ್ಪಟ್ಟು ಇರುವರು. ಬೇರೆ ಊರಿನಲ್ಲಾಗಿದ್ದರೆ ಅವರು ಮನೆಗೊಬ್ಬರಂತೆ ಮೂಲೆಯಲ್ಲಿ ಕುಳಿತಿರುತ್ತಿದ್ದರು. ಅಲೀಪುರದಲ್ಲಿ ಹಾಗಾಗಲಿಲ್ಲ. ಒಬ್ಬರನ್ನೊಬ್ಬರು ಕೂಡಿ, ಯಾವ ಗುರುವೂ ಕಲಿಸದೆ, ಯಾವ ವೈಯಾಕರಣನೂ ಮಾಡಿಕೊಡದೆ, ತಲೆಮಾರುಗಳಲ್ಲಿ ಕೈಸನ್ನೆಯ ಒಂದು ಭಾಷೆಯನ್ನೇ ಅವರು ಬೆಳೆಸಿಕೊಂಡರು. ಕಿವಿ ಕೇಳುವ ನೆಂಟರೂ ನೆರೆಯವರೂ ಅದನ್ನು ಅಷ್ಟಿಷ್ಟು ಕಲಿತು ಅವರೊಡನೆ ಸಂಭಾಷಿಸುವರು. ಭಾಷಾಶಾಸ್ತ್ರಜ್ಞರಾದ ಸಿಬಾಜಿ ಪಂಡಾ ಅವರು ಅಲ್ಲಿದ್ದು ಪರಿಶೀಲಿಸಿ, ೨೦೧೨ರಲ್ಲಿ ಅಲೀಪುರದ ಸನ್ನೆಭಾಷೆಯ ವಿವರವನ್ನು ವಿದ್ವಲ್ಲೋಕದ ಮುಂದಿಟ್ಟರು. ಪತಂಜಲಿಯ ಕುಂಬಾರನ ದೃಷ್ಟಾಂತಕ್ಕೆ ಇದಕ್ಕಿಂತ ಜೀವಂತವಾದ ಸಾಕ್ಷಿಯು ಬೇರೆ ಬೇಕೆ?

ಮಧ್ಯ ಅಮೆರಿಕದ ನಿಕರಾಗುವ ದೇಶದಲ್ಲಿ ಇದೇ ಅದ್ಭುತವು ಪಂಡಿತರ ಕಣ್ಣೆದುರಿಗೇ ನಡೆಯಿತು. ೧೯೭೭ರಲ್ಲಿ ಆ ದೇಶದ ರಾಜಧಾನಿಯಲ್ಲಿ ಇಂಥ ಮಕ್ಕಳಿಗಾಗಿ ಶಾಲೆಯು ತೆರೆಯಿತು. ಉಪಾಧ್ಯಾಯರು ತುಟಿಗಳ ಚಲನೆಯನ್ನು ನೋಡಿ ಮಾತನ್ನು ತಿಳಿಯುವುದನ್ನು ಕಲಿಸಲು ಯತ್ನಿಸಿ ವಿಫಲರಾದರು. ಆದರೆ ಆಟದ ಬಯಲಿನಲ್ಲಿಯೂ ಬಂಡಿಯಲ್ಲಿಯೂ ಮಕ್ಕಳು ತಮ್ಮ ತಮ್ಮ ಮನೆಯ ಸನ್ನೆಗಳನ್ನು ಒಂದುಗೂಡಿಸಿ ಒಂದು ಭಾಷೆಯನ್ನು ತಾವೇ ಕಟ್ಟತೊಡಗಿದರು. ವಿಶೇಷವೇನೆಂದರೆ, ಆ ಬಳಿಕ ಬಂದ ಕಿರಿಯ ಮಕ್ಕಳು ಹಿರಿಯರ ಸನ್ನೆಯನ್ನು ಹಾಗೆಯೇ ತೆಗೆದುಕೊಳ್ಳದೆ ಅದಕ್ಕೆ ವ್ಯಾಕರಣವನ್ನು ಕೂಡಿಸಿದರು. ಇಳಿಜಾರಿನಲ್ಲಿ ಉರುಳುತ್ತ ಇಳಿಯುವುದನ್ನು ಹಿರಿಯರು ಕೈಯ ಒಂದೇ ಚಲನೆಯಿಂದ ತೋರಿಸುತ್ತಿದ್ದರು. ಕಿರಿಯರು ಅದನ್ನು ಒಡೆದು, ‘ಉರುಳು’ ಎಂಬುದಕ್ಕೆ ಒಂದು, ‘ಇಳಿ’ ಎಂಬುದಕ್ಕೆ ಒಂದು ಸನ್ನೆಯನ್ನು ಮಾಡಿ ಜೋಡಿಸಿದರೆಂದು ೨೦೦೪ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸುವುದು. ಕನ್ನಡಿಗನೂ ‘ಉರುಳಿ ಇಳಿಯಿತು’ ಎಂದು ಎರಡು ಮಾತಿನಲ್ಲಿಯೇ ಹೇಳುವನ್ನಷ್ಟೆ! ಕಪಿಯಿಂದಾಗದ ಆ ಬಿಡಿಸಿ ಜೋಡಿಸುವ ಕಲೆಯನ್ನು, ಒಂದು ದನಿಯನ್ನೂ ಕೇಳದ ಮಕ್ಕಳು ಆಟವಾಡುತ್ತ ಕಂಡುಕೊಂಡರು.

ಈಗ ಮೂಗರ ಅರಮನೆಯನ್ನೂ ಅಲೀಪುರವನ್ನೂ ಎದುರುಬದುರಾಗಿ ಇಟ್ಟು ನೋಡಬೇಕು. ಅಲ್ಲಿಯ ಮಕ್ಕಳಿಗೆ ಕಿವಿಯಿತ್ತು, ನಾಲಗೆಯಿತ್ತು, ಹೊಟ್ಟೆತುಂಬ ಅನ್ನವಿತ್ತು. ತಮ್ಮ ಕಡೆಗೆ ತಿರುಗಿ ಏನನ್ನಾದರೂ ಹೇಳಬಯಸುವ ಜೀವ ಮಾತ್ರ ಇರಲಿಲ್ಲ. ಮಾತು ಹುಟ್ಟಲಿಲ್ಲ. ಇಲ್ಲಿಯವರಿಗೆ ಕಿವಿಯಿರಲಿಲ್ಲ, ಆದರೆ ಸುತ್ತಲೂ ತಮ್ಮವರಿದ್ದರು. ಬಾಯಿಗೆ ಬಾರದ ಮಾತು ಕೈಗೆ ಬಂದಿತು. ಮೀಮಾಂಸಕರು ಕೂಸು ಮಾತನ್ನು ಕಲಿಯುವ ಬಗೆಗೆ ಕೊಟ್ಟಿರುವ ವಿವರಣೆಯೂ ಇದನ್ನೇ ಪುಷ್ಟಿಗೊಳಿಸುವುದು. ಹಿರಿಯನೊಬ್ಬನು ಇನ್ನೊಬ್ಬನಿಗೆ ಹಸುವನ್ನು ತಾ ಎನ್ನುವನು, ಅವನು ತರುವನು. ಹಸುವನ್ನು ಕಟ್ಟು ಎನ್ನುವನು, ಅವನು ಕಟ್ಟುವನು. ಕುದುರೆಯನ್ನು ತಾ ಎನ್ನುವನು, ಅವನು ಬೇರೊಂದನ್ನು ತರುವನು. ಪಕ್ಕದಲ್ಲಿ ನಿಂತ ಕೂಸು ಇದನ್ನು ನೋಡಿ ನೋಡಿ ಯಾವ ಮಾತಿಗೆ ಯಾವ ಅರ್ಥವೆಂದು ಬಿಡಿಸಿಕೊಳ್ಳುವುದು. ಇಬ್ಬರ ವ್ಯವಹಾರವಿಲ್ಲದೆ ಮೂರನೆಯವನಿಗೆ ಮಾತಿಲ್ಲ. ಮೊದಲ ಮನುಷ್ಯನು ಮೊದಲು ಆಡಿದ ಮಾತು ಬಾಯಿಯದೋ ಕೈಯದೋ, ಹಾಡೋ ಕೂಗೋ, ಅದರ ನಿರ್ಣಯವು ಇನ್ನೂ ವಿದ್ವಾಂಸರ ವಾದಕ್ಕೆ ಬಿಟ್ಟುದು. ಆದರೆ ಅದು ಒಂಟಿಯಾಗಿ ಕುಳಿತವನ ಮಾತಾಗಿರಲಿಲ್ಲವೆಂಬುದು ನಿಶ್ಚಯ. ಶಕ್ತಿಯು ಒಡಲಿನದು, ಹುಟ್ಟು ಒಡನಾಟದ್ದು. ಬೀಜವು ತಾನೇ ಬಂದರೂ ನೀರನ್ನು ಇನ್ನೊಬ್ಬರು ಎರೆಯಬೇಕು.

ಇದರಿಂದ ಎರಡು ವಿಷಯಗಳು ಸಿದ್ಧಿಸುವುವು. ಮೊದಲನೆಯದು, ಯಾವ ನುಡಿಯೂ ಹುಟ್ಟಿನಿಂದ ಕೀಳಲ್ಲ. ಈ ತತ್ತ್ವವನ್ನು ಭಾಷಾಶಾಸ್ತ್ರಜ್ಞರು ಸಾಧಿಸುವುದಕ್ಕೆ ಏಳುನೂರು ವರ್ಷಗಳಿಗೂ ಮುಂಚೆ ಶರಣರು ಆಚರಿಸಿ ತೋರಿದರು. ೧೨ನೆಯ ಶತಮಾನದಲ್ಲಿ ಅವರು ಪರತತ್ತ್ವವನ್ನು ಹೇಳುವುದಕ್ಕೆ ಕನ್ನಡವನ್ನು, ಅದರಲ್ಲಿಯೂ ದೋಣಿ ನಡೆಸುವ ಅಂಬಿಗರ ಚೌಡಯ್ಯನ, ಅಕ್ಕಿಯನ್ನಾಯುವ ಲಕ್ಕಮ್ಮನ ಬೀದಿಯ ಕನ್ನಡವನ್ನು, ಆರಿಸಿಕೊಂಡರು. ತಮ್ಮ ಕೃತಿಗಳಿಗೆ ಅವರು ಕಾವ್ಯವೆಂದು ಹೆಸರಿಡಲಿಲ್ಲ, ಶಾಸ್ತ್ರವೆಂದು ಹೆಸರಿಡಲಿಲ್ಲ. ವಚನ, ಅಂದರೆ ಆಡಿದ ಮಾತು, ಎಂದರು. ದೇವರೊಡನೆ ಮಾತನಾಡುವುದಕ್ಕೆ ಇಂಥದೇ ಭಾಷೆ ಬೇಕೆಂಬ ಕಟ್ಟು ಅಲ್ಲಿಗೆ ಮುರಿಯಿತು. ೨೦೦೮ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಈ ಸೀಮೆಗೆ ಬಾರದ ಭಾಷೆಯಿಲ್ಲ. ತನ್ನ ನುಡಿಯನ್ನು ಬಿಡದೆ ಆಡಿ, ಬಂದವರ ನುಡಿಯನ್ನು ಹಳಿಯದೆ ಬಾಳುವುದೇ ಆ ಪರಂಪರೆಗೆ ತಕ್ಕ ನಡೆ.

ಎರಡನೆಯದು ಇನ್ನೂ ತುರ್ತಿನದು. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಶ್ರವಣದೋಷವುಳ್ಳವರು ಸುಮಾರು ೫೦ ಲಕ್ಷ ಜನ. ಅವರಲ್ಲಿ ಬಹುಮಂದಿ ಅಲೀಪುರದಂಥ ಊರಿನಲ್ಲಿ ಹುಟ್ಟಿದವರಲ್ಲ. ಊರಿಗೊಬ್ಬರಾಗಿ, ಮನೆಗೊಬ್ಬರಾಗಿ ಚದರಿಹೋದವರು. ಹಿಂದಿನ ಜನ್ಮದ ಕರ್ಮವೆಂದು ನಿಟ್ಟುಸಿರುಬಿಟ್ಟು, ಅನ್ನವನ್ನಿಕ್ಕಿ, ಹಸು ಕಾಯಲು ಕಳುಹಿಸಿ, ಮೂಗನೆಂದೇ ಕೂಗಿ ಮನೆಯವರು ಸುಮ್ಮನಾಗುವರು. ಪ್ರೀತಿಗೆ ಕೊರತೆಯಿರದು, ಆದರೂ ಆ ಮಗುವಿಗೆ ಸ್ವಂತ ಮನೆಯೇ ಅಕ್ಬರನ ಅರಮನೆಯಾಗುವುದು. ಎಳೆಯ ವಯಸ್ಸಿನಲ್ಲಿ ಬಾಯಿಯದಾಗಲಿ ಕೈಯದಾಗಲಿ ಒಂದು ಭಾಷೆಯು ಸಿಕ್ಕದೆ ಹೋದರೆ, ಬೆಳೆದ ಮೇಲೆ ಅದು ಪೂರ್ಣವಾಗಿ ಕೈಗೂಡದೆಂದು ಪರಿಶೋಧಕರು ತಿಳಿಸಿರುವರು. ಕಾಲವು ಮೀರಿದ ಬಿತ್ತನೆಯು ಮಳೆ ಬಂದರೂ ಮೊಳೆಯದು.

ಪರಿಹಾರವು ಈಗ ದೂರದಲ್ಲಿಲ್ಲ. ಹುಟ್ಟಿದ ಕೂಸಿನ ಕಿವಿಯನ್ನು ಕೆಲವೇ ದಿನಗಳಲ್ಲಿ ಪರೀಕ್ಷಿಸುವ ಉಪಾಯಗಳುಂಟು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೦ರ ದಶಕದಿಂದ ಈ ಸೇವೆಯಲ್ಲಿ ತೊಡಗಿರುವುದು. ೨೦೧೬ರ ವಿಕಲಾಂಗರ ಹಕ್ಕುಗಳ ಕಾಯಿದೆಯು ಸನ್ನೆಭಾಷೆಗೆ ಸ್ಥಾನವನ್ನು ಕೊಟ್ಟಿರುವುದು. ದೆಹಲಿಯ ಸನ್ನೆಭಾಷಾ ಸಂಸ್ಥೆಯು ೨೦೧೮ರಲ್ಲಿ ೩,೦೦೦ ಪದಗಳ ನಿಘಂಟನ್ನು ಹೊರತಂದು, ೨೦೨೧ರ ವೇಳೆಗೆ ಅದನ್ನು ೧೦,೦೦೦ ಪದಗಳಿಗೆ ಹಿಗ್ಗಿಸಿರುವುದು. ಇಷ್ಟಿದ್ದರೂ ಹಳ್ಳಿಯ ಮನೆಯ ಬಾಗಿಲಿನಿಂದ ಆ ಮಗುವಿನ ಕೈಹಿಡಿದು ಕರೆತರುವ ಒಬ್ಬರು ಬೇಕು. ಜಂಗಮರು ಮನೆಮನೆಗೂ ನಡೆಯುವವರು. ಭಕ್ತರು ಊರೂರಿನಲ್ಲಿಯೂ ಇರುವವರು. ತಮ್ಮ ಊರಿನಲ್ಲಿ ಕರೆದರೆ ತಿರುಗದ ಮಗುವು ಯಾವುದೆಂದು ಅವರು ಬಲ್ಲರು. ಆ ಮಗುವನ್ನು ಕಾಲವಿರುವಾಗಲೇ ಪರೀಕ್ಷೆಗೆ ಕಳುಹಿಸುವುದೂ, ತನ್ನಂಥ ಮಕ್ಕಳ ಜೊತೆಯಲ್ಲಿ ಬೆರೆಯುವಂತೆ ಶಾಲೆಗೆ ಸೇರಿಸುವುದೂ, ಮನೆಯವರು ನಾಲ್ಕು ಸನ್ನೆಗಳನ್ನು ಕಲಿಯುವಂತೆ ಮಾಡುವುದೂ ಸಾಮಾನ್ಯವಾದ ಸೇವೆಯಲ್ಲ.

ಮಠಗಳು ಶತಮಾನಗಳಿಂದ ದಾಸೋಹದಲ್ಲಿ ಅನ್ನವನ್ನೂ ಅಕ್ಷರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸುತ್ತ ಬಂದಿರುವುವು. ಆ ಪಂಕ್ತಿಯಲ್ಲಿ ಮಾತನ್ನೂ ಬಡಿಸಬೇಕಾದ ಮಗುವೊಂದು ಎಲ್ಲಿಯೋ ಕಾದು ಕುಳಿತಿರುವುದು. ಮಾತು ಲೋಕದಲ್ಲಿ ಮೊದಲು ಯಾವಾಗ ಹುಟ್ಟಿತೆಂಬುದನ್ನು ಪಂಡಿತರು ಇನ್ನೂ ಬಹುಕಾಲ ವಿಚಾರಿಸುತ್ತಿರಲಿ. ಒಂದು ಮಗುವಿನಲ್ಲಿ ಅದು ಹುಟ್ಟುವ ಗಳಿಗೆಯು ಮಾತ್ರ, ಯಾರಾದರೊಬ್ಬರು ಅದರ ಎದುರಿಗೆ ಕುಳಿತು, ಮುಖವನ್ನು ನೋಡಿ, ಏನನ್ನಾದರೂ ಹೇಳಲು ತೊಡಗಿದ ಗಳಿಗೆಯೇ ಆಗಿರುವುದು. ಅಂಥ ಗಳಿಗೆಯು ಈ ಸೀಮೆಯ ಪ್ರತಿಯೊಂದು ಮಗುವಿಗೂ ಒದಗಿಬರಲಿ.